ಗ್ರಹಣದ ರಾತ್ರಿ ಸೌತೆಕಾಯಿ ಹೆಚ್ಚಿದ್ದಕ್ಕೆ ಮಗುವಿನ ಬೆರಳು ಅಂಟಿಕೊಂಡಿತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಊರು ಮೂಡಿಗೆರೆ ಹತ್ತಿರ. ಯಜಮಾನರು ಎಸ್ಟೇಟಿನಲ್ಲಿ ರೈಟರ್, ನನ್ನ ಸ್ವಂತ ಸೋದರಮಾವನ ಮಗ. ಮೊದಲನೇ ಬಸುರಿ. ಐದನೇ ತಿಂಗಳ ಸ್ಕ್ಯಾನಿನಲ್ಲಿ ನೀರು ಕಡಿಮೆ ಇದೆ, ಏನೂ ಸರಿಯಾಗಿ ಕಾಣಲ್ಲ, ಚೆನ್ನಾಗಿ ನೀರು ಕುಡಿಯಿರಿ ಅಂದರು. ದಿನಾ ಎಳನೀರು ಕುಡಿದೆ. ಡಿಸೆಂಬರ್‌ನಲ್ಲಿ ಎಂಟನೇ ತಿಂಗಳಿಗೇ ನೋವು ಬಂತು, ಹಾಸನದಲ್ಲಿ ಹೆರಿಗೆ ಆಯಿತು. ಮಗು ಅಳಲೇ ಇಲ್ಲ. ನಲವತ್ತು ನಿಮಿಷ ಇತ್ತು ಅಷ್ಟೆ. ಕಣ್ಣಿನ ಜಾಗದಲ್ಲಿ ಕಣ್ಣೇ ಇರಲಿಲ್ಲ, ಹಣೆಯ ಚರ್ಮ ಹಾಗೇ ಕೆನ್ನೆಗೆ ಇಳಿದಿತ್ತು. ಕೈಬೆರಳು ಕಾಲ್ಬೆರಳು ಅಂಟಿಕೊಂಡಿದ್ದವು. ಎರಡೂ ಕಿಡ್ನಿ ಇಲ್ಲ ಅಂದರು. ಹೆಣ್ಣೋ ಗಂಡೋ ಅಂತ ಕೇಳಿದರೆ ನರ್ಸ್ ಸುಮ್ಮನಾದರು. ಡಿಸ್ಚಾರ್ಜ್ ಚೀಟಿಯಲ್ಲಿ 'ಫ್ರೇಸರ್ ಸಿಂಡ್ರೋಮ್?' ಅಂತ ಪ್ರಶ್ನೆ ಚಿಹ್ನೆ ಹಾಕಿ ಬರೆದಿದ್ದಾರೆ. ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಹಸಿವು ತಡೆಯಲಾಗದೆ ನಾನು ಸೌತೆಕಾಯಿ ಹೆಚ್ಚಿ ತಿಂದಿದ್ದೆ. ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ಅಜ್ಜಿ ನಾಗದೋಷ ಅನ್ನುತ್ತಾರೆ. ತೋಟಕ್ಕೆ ಔಷಧಿ ಹೊಡೆಯುವಾಗ ಹತ್ತಿರ ಇದ್ದೆ, ಅದರಿಂದಲಾ? ಇನ್ನೊಂದು ಮಗು ಮಾಡಿಕೊಳ್ಳಬಹುದಾ? ಅದೂ ಹೀಗೇ ಆಗುತ್ತದಾ? ಕೆಲವರು ಬಿಟ್ಟು ಬೇರೆ ಮದುವೆ ಆಗಿ ಅಂತಲೂ ಹೇಳಿದರು. ನನ್ನ ತಂಗಿಯನ್ನು ನನ್ನ ಮೈದುನನಿಗೇ ಕೊಡುವ ಮಾತಾಗಿದೆ, ಯುಗಾದಿ ಆದ ಮೇಲೆ ನಿಶ್ಚಿತಾರ್ಥ. ಎದೆಹಾಲು ನಿಲ್ಲುವುದಕ್ಕೆ ಹತ್ತು ದಿನ ಬೇಕಾಯಿತು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಉತ್ತರ: ನೋಡಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಕೊನೆಯ ಸಾಲು ಮೊದಲು. ಮಗು ಇಲ್ಲ ಅನ್ನುವುದು ಎದೆಗೆ ಗೊತ್ತಾಗುವುದಿಲ್ಲ, ಹಾಲು ಬಂದೇ ಬರುತ್ತದೆ. ಆ ಹತ್ತು ದಿನ ಒಬ್ಬರೇ ಕೂತು ಅನುಭವಿಸಿದ್ದೀರಿ, ಡಿಸ್ಚಾರ್ಜ್ ಮಾಡುವಾಗಲೇ ಯಾರಾದರೂ ಇದನ್ನು ಹೇಳಿ ಕಳಿಸಬೇಕಿತ್ತು. ನಿಮ್ಮ ಮಗು ಮಗುವೇ. ನಲವತ್ತು ನಿಮಿಷ ಬದುಕಿದರೂ ಮಗುವೇ. ಹೆಸರಿಡಬೇಕು ಅನ್ನಿಸಿದರೆ ಇಡಿ, ಯಾರನ್ನೂ ಕೇಳಬೇಕಾಗಿಲ್ಲ.

ನೀವು ಕೇಳಿರುವುದರಲ್ಲಿ ನನಗೆ ಕಾಣುವುದು ಎರಡು ಪ್ರಶ್ನೆ. ಒಂದು, ನನ್ನಿಂದ ಆಯಿತಾ? ಎರಡು, ಮತ್ತೆ ಆಗುತ್ತದಾ? ಮೊದಲನೆಯದಕ್ಕೆ ನೇರ ಉತ್ತರ: ಇಲ್ಲ. ಎರಡನೆಯದಕ್ಕೆ: ಆಗಬಹುದು, ಆಗದೆಯೂ ಇರಬಹುದು. ಆದರೆ ಅದನ್ನು ಮುಂಚೆಯೇ ತಿಳಿದುಕೊಳ್ಳುವ ದಾರಿ ಇದೆ, ಅದಕ್ಕೆ ಈಗಲೇ ಮಾಡಬೇಕಾದ ಕೆಲಸ ಸ್ವಲ್ಪ ಇದೆ.

ಗ್ರಹಣದ ವಿಷಯ ಮೊದಲು ಮುಗಿಸೋಣ, ಯಾಕೆಂದರೆ ನಿಮ್ಮನ್ನು ರಾತ್ರಿ ಮಲಗಲು ಬಿಡದಿರುವುದು ಅದೇ ಅಂತ ಕಾಣುತ್ತದೆ. ಹೊಟ್ಟೆಯಲ್ಲಿ ಮಗುವಿನ ಕೈ ಮೊದಲು ಚಿಕ್ಕ ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ, ದೋಣಿಯ ಹುಟ್ಟು ಇರುತ್ತದಲ್ಲ, ಹಾಗೆ. ಬೆರಳುಗಳ ಮಧ್ಯದ ಚರ್ಮ ತಾನಾಗಿ ಕರಗಿ ಬೆರಳು ಬಿಡಿಬಿಡಿಯಾಗುತ್ತವೆ. ಈ ಕೆಲಸ ಎಲ್ಲ ಮುಟ್ಟು ನಿಂತ ಲೆಕ್ಕದಲ್ಲಿ ಎರಡೂವರೆ ತಿಂಗಳ ಹೊತ್ತಿಗೆ ಮುಗಿದಿರುತ್ತದೆ. ಕಿಡ್ನಿ ಶುರುವಾಗುವುದು ಇನ್ನೂ ಮುಂಚೆ, ಎರಡನೇ ತಿಂಗಳಲ್ಲೇ. ಸೆಪ್ಟೆಂಬರ್ 7ಕ್ಕೆ ನಿಮಗೆ ಐದನೇ ತಿಂಗಳು. ಅವತ್ತು ರಾತ್ರಿ 10 ಗಂಟೆ ಹೊತ್ತಿಗೆ ಗ್ರಹಣ ಹಿಡಿಯಿತು, 11 ದಾಟಿದ ಮೇಲೆ ಚಂದ್ರ ಪೂರ್ತಿ ಕೆಂಪಾದ. ನೀವು ಚಾಕು ಹಿಡಿಯುವುದಕ್ಕೆ ಎರಡು ತಿಂಗಳಿಗೂ ಹಿಂದೆಯೇ ಆ ಬೆರಳುಗಳ ವಿಷಯ ತೀರ್ಮಾನ ಆಗಿತ್ತು. ಅವತ್ತು ಇಡೀ ದೇಶಕ್ಕೆ ಗ್ರಹಣ ಕಂಡಿತ್ತು, ಬಸುರಿ ಹೆಂಗಸರು ಎಷ್ಟು ಲಕ್ಷ ಜನ ಇದ್ದರೋ. ಅವರಲ್ಲಿ ಎಷ್ಟೋ ಜನ ಹೆಚ್ಚಿದ್ದಾರೆ, ಹೊಲಿದಿದ್ದಾರೆ, ತಿಂದಿದ್ದಾರೆ. ಹಸಿದ ಬಸುರಿ ಸೌತೆಕಾಯಿ ತಿಂದರೆ ಅದರಲ್ಲಿ ತಪ್ಪೇ ಇಲ್ಲ.

ನಾಗದೋಷದ ಮಾತು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಕಣ್ಣಿನ ಮೇಲೆ ಚರ್ಮ ಮುಚ್ಚಿಕೊಂಡಿರುವುದನ್ನು ನೋಡಿದ ಹಿರಿಯರಿಗೆ ಹಾವಿನ ಪೊರೆ ನೆನಪಾಗುತ್ತದೆ. ಪೂಜೆ ಮಾಡಿಸಿದರೆ ಅಜ್ಜಿಯ ಮನಸ್ಸಿಗೆ ಸಮಾಧಾನ ಆಗುತ್ತದೆ ಅಂದರೆ ಕುಕ್ಕೆಗೆ ಹೋಗಿ ಬನ್ನಿ, ನಾನು ಬೇಡ ಅನ್ನುವವನಲ್ಲ. ಆದರೆ ಪೂಜೆ ಆಯಿತಲ್ಲ, ಇನ್ನು ಪರೀಕ್ಷೆ ಯಾಕೆ ಅಂತ ಮಾತ್ರ ಬಿಡಬೇಡಿ. ನನ್ನ ಹತ್ತಿರ ಬಂದಿದ್ದ ಒಂದು ಕುಟುಂಬ ಹಾಗೆ ಬಿಟ್ಟು, ಒಂದೂವರೆ ವರ್ಷದ ಮೇಲೆ ಅದೇ ವಾರ್ಡಿನಲ್ಲಿ ಅದೇ ದುಃಖದಲ್ಲಿ ಮತ್ತೆ ಸಿಕ್ಕಿತು. ಆ ತಾಯಿಯ ಮುಖ ಇವತ್ತಿಗೂ ಮರೆತಿಲ್ಲ.

ಔಷಧಿ ಹೊಡೆದದ್ದು. ಮುಂಗಾರಿಗೆ ಮುಂಚೆ ಕಾಫಿಗೆ ಹೊಡೆಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದರಿಂದ ಈ ತೊಂದರೆ ಬರುವುದಿಲ್ಲ. ಹಾಗಂತ ಬಸುರಿಯರು ಸ್ಪ್ರೇ ಮಾಡುವ ಜಾಗದಲ್ಲಿ ಓಡಾಡಬಹುದು ಅಂತ ನಾನು ಹೇಳುತ್ತಿಲ್ಲ, ಬೇರೆ ಕೀಟನಾಶಕಗಳು ಬೇರೆ ತರದ ಹಾನಿ ಮಾಡಬಹುದು, ದೂರ ಇರುವುದೇ ಸರಿ. ನಿಮ್ಮ ಮಗುವಿಗೆ ಆಗಿದ್ದು ಮಾತ್ರ ಅದರಿಂದಲ್ಲ.

ನೀರು ಕಡಿಮೆ ಇದ್ದದ್ದೂ ನೀವು ನೀರು ಕುಡಿಯದೆ ಅಲ್ಲ. ನಾಲ್ಕನೇ ತಿಂಗಳು ದಾಟಿದ ಮೇಲೆ ಗರ್ಭದ ನೀರು ಅಂದರೆ ಹೆಚ್ಚುಕಡಿಮೆ ಮಗುವಿನ ಮೂತ್ರವೇ. ಕಿಡ್ನಿ ಇಲ್ಲದ ಮಗುವಿಗೆ ಮೂತ್ರ ಎಲ್ಲಿಂದ ಬರಬೇಕು? ನೀವು ಎಷ್ಟು ಎಳನೀರು ಕುಡಿದರೂ ಅದು ತುಂಬುತ್ತಿರಲಿಲ್ಲ. ಆ ನೀರನ್ನು ಒಳಗೆ ಹೊರಗೆ ಎಳೆದುಕೊಳ್ಳುತ್ತಲೇ ಮಗುವಿನ ಶ್ವಾಸಕೋಶ ಬೆಳೆಯುವುದು, ನೀರೇ ಇಲ್ಲದಿದ್ದರೆ ಶ್ವಾಸಕೋಶ ಮುಷ್ಟಿಯಷ್ಟೂ ಆಗುವುದಿಲ್ಲ. ಮಗು ಅಳದೇ ಇದ್ದದ್ದು ಅದಕ್ಕೆ. ಈ ಸಿಂಡ್ರೋಮಿನಲ್ಲಿ ಕೆಲವು ಮಕ್ಕಳಿಗೆ ಧ್ವನಿಪೆಟ್ಟಿಗೆಯೇ ಮುಚ್ಚಿಕೊಂಡಿರುತ್ತದೆ, ಆಗಲೂ ಅಳು ಹೊರಗೆ ಬರುವುದಿಲ್ಲ. ಎಂಟನೇ ತಿಂಗಳ ಬದಲು ಒಂಬತ್ತು ತುಂಬಿ ಹುಟ್ಟಿದ್ದರೂ, ಹಾಸನದ ಬದಲು ಬೆಂಗಳೂರಿನಲ್ಲಿ ಹುಟ್ಟಿದ್ದರೂ ಎರಡೂ ಕಿಡ್ನಿ ಇಲ್ಲದ ಮಗುವನ್ನು ಉಳಿಸಲು ಆಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿದವರು ಮಾತ್ರ ಇಷ್ಟು ನೀರು ಕಡಿಮೆ ಇದ್ದಾಗ 'ನೀರು ಕುಡಿಯಿರಿ' ಅಂತ ಹೇಳಿ ಕಳಿಸದೆ, ಕಿಡ್ನಿ ಇದೆಯಾ ನೋಡಲು ದೊಡ್ಡ ಕಡೆಗೆ ಬರೆದುಕೊಡಬೇಕಿತ್ತು. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಕಾರಣ ಏನು? ಫ್ರೇಸರ್ ಸಿಂಡ್ರೋಮ್ ಅನ್ನುವ ಹೆಸರು ಬಂದದ್ದು ಜಾರ್ಜ್ ಫ್ರೇಸರ್ ಅನ್ನುವ ವಂಶವಾಹಿ ತಜ್ಞರಿಂದ. 1962ರಲ್ಲಿ ಅವರು ಒಂದೇ ತಂದೆತಾಯಿಯ ಮಕ್ಕಳಲ್ಲಿ ಈ ಲಕ್ಷಣಗಳು ಒಟ್ಟಿಗೆ ಬರುವುದನ್ನು ಗಮನಿಸಿ ಬರೆದರು. ಎಷ್ಟು ಅಪರೂಪ ಅಂದರೆ, ಯುರೋಪಿನ ಹಲವು ದೇಶಗಳ ದಾಖಲೆ ಸೇರಿಸಿ 1990ರಿಂದ 2008ರವರೆಗೆ ಲೆಕ್ಕ ಹಾಕಿದಾಗ 1 ಕೋಟಿ 28 ಲಕ್ಷ ಹೆರಿಗೆಯಲ್ಲಿ ಸಿಕ್ಕಿದ್ದು 26 ಮಾತ್ರ. ಸುಮಾರು 5 ಲಕ್ಷಕ್ಕೆ ಒಂದು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಕಣ್ಣಾರೆ ನೋಡಿದ್ದು ಎರಡು. ಹಾಗಾಗಿ ನಿಮ್ಮ ಊರಿನ ಡಾಕ್ಟರಿಗೆ ಇದು ಗೊತ್ತಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಚೀಟಿಯಲ್ಲಿ ಆ ಹೆಸರು ಬರೆದ ಡಾಕ್ಟರು ಪ್ರಶ್ನೆ ಚಿಹ್ನೆ ಹಾಕಿದ್ದರೂ ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಒಳಗೆ ನಡೆಯುವುದು ಇಷ್ಟು. ಭ್ರೂಣದಲ್ಲಿ ಮೇಲಿನ ಚರ್ಮಕ್ಕೂ ಕೆಳಗಿನ ಪದರಕ್ಕೂ ಮಧ್ಯೆ ಒಂದು ಅಂಟು ಇರುತ್ತದೆ, ಕೆಲವು ಪ್ರೋಟೀನುಗಳು ಸೇರಿ ಆದ ಅಂಟು. ಅದು ಕಡಿಮೆಯಾದರೆ ಮೇಲಿನ ಪದರ ಅಲ್ಲಲ್ಲಿ ಎದ್ದು ನೀರುಗುಳ್ಳೆ ಆಗುತ್ತದೆ, ಬಿಸಿ ಎಣ್ಣೆ ಹಾರಿದಾಗ ಕೈಮೇಲೆ ಏಳುತ್ತದಲ್ಲ, ಆ ತರ. ಆ ಗುಳ್ಳೆ ಎದ್ದ ಕಡೆ ರೆಪ್ಪೆ ರೂಪುಗೊಳ್ಳುವುದಿಲ್ಲ, ಬೆರಳು ಬಿಡಿಯಾಗುವುದಿಲ್ಲ. ಕಿಡ್ನಿ ಆಗುವುದಕ್ಕೂ ಎರಡು ಪದರ ಒಂದಕ್ಕೊಂದು ಮುಟ್ಟಿ ಮಾತಾಡಬೇಕು, ಅದೇ ಅಂಟು ಅಲ್ಲಿಯೂ ಬೇಕು. ಕಣ್ಣು, ಕೈ, ಕಿಡ್ನಿ, ಗಂಟಲು, ಜನನಾಂಗ, ಒಂದಕ್ಕೊಂದು ಸಂಬಂಧ ಇಲ್ಲದ ಜಾಗಗಳೆಲ್ಲ ಒಂದೇ ಮಗುವಿನಲ್ಲಿ ಕೆಡುವುದು ಇದಕ್ಕೇ. ನರ್ಸ್ ಹೆಣ್ಣೋ ಗಂಡೋ ಹೇಳದೆ ಸುಮ್ಮನಾದದ್ದೂ ಇದಕ್ಕೇ ಇರಬೇಕು: ಇಂಥ ಮಕ್ಕಳಲ್ಲಿ ನೋಡಿ ಹೇಳಲು ಆಗದಂತೆ ಇರುವುದುಂಟು. ಅವರು ಏನೋ ಮುಚ್ಚಿಟ್ಟರು ಅಂತ ಅಂದುಕೊಳ್ಳಬೇಡಿ.

ಆ ಅಂಟು ತಯಾರಿಸುವ ಜೀನುಗಳು ಮುಖ್ಯವಾಗಿ ಮೂರು. 2003ರಲ್ಲಿ ಫ್ರಾಸ್1, 2005ರಲ್ಲಿ ಫ್ರೆಮ್2, 2012ರಲ್ಲಿ ಗ್ರಿಪ್1 ಸಿಕ್ಕವು. ಹೆಚ್ಚಾಗಿ ಕಾಣುವುದು ಫ್ರಾಸ್1. ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿ ಇರುತ್ತದೆ, ಅಮ್ಮನದು ಒಂದು ಅಪ್ಪನದು ಒಂದು. ಜೋಡಿ ಎತ್ತಿನ ಗಾಡಿ ಅಂದುಕೊಳ್ಳಿ. ಒಂದು ಎತ್ತು ಕುಂಟಿದರೂ ಇನ್ನೊಂದು ಎಳೆಯುತ್ತದೆ, ಗಾಡಿ ಹೋಗುತ್ತಿರುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ನೀವೂ ನಿಮ್ಮ ಯಜಮಾನರೂ ಹಾಗೆ, ಒಂದೊಂದು ಕುಂಟು ಎತ್ತು ಇಟ್ಟುಕೊಂಡು ಗಟ್ಟಿಮುಟ್ಟಾಗಿದ್ದೀರಿ. ಇದನ್ನು ವಾಹಕರು ಅನ್ನುತ್ತೇವೆ. ಮಗುವಿಗೆ ಇಬ್ಬರಿಂದಲೂ ಕುಂಟು ಎತ್ತೇ ಹೋದರೆ ಗಾಡಿ ನಿಲ್ಲುತ್ತದೆ.

ಇದು ಎಲ್ಲಿಂದ ಬಂತು ಅಂದರೆ, ನಿಮ್ಮ ತಾಯಿಯೂ ನಿಮ್ಮ ಮಾವನೂ ಅಕ್ಕತಮ್ಮ ಅಲ್ವಾ. ಅವರ ಅಪ್ಪ ಅಥವಾ ಅಮ್ಮ, ಅಂದರೆ ನಿಮ್ಮ ಅಜ್ಜ ಅಜ್ಜಿಯರಲ್ಲಿ ಒಬ್ಬರ ಹತ್ತಿರ ಆ ಕೆಟ್ಟ ಪ್ರತಿ ಇತ್ತು, ಅದು ಎರಡು ಕೊಂಬೆಯಲ್ಲಿ ಇಳಿದು ನಿಮ್ಮಿಬ್ಬರಲ್ಲಿ ಮತ್ತೆ ಸೇರಿತು. ಬಹುಮಟ್ಟಿಗೆ ಹೀಗೇ ಇರಬೇಕು. ನಿಮ್ಮ ಮಗುವಿಗೆ ಆಗಿದ್ದರಲ್ಲಿ ಸರಿಯಾಗಿ ಅರ್ಧ ಅಪ್ಪನ ಕಡೆಯದು, ಅರ್ಧ ಅಮ್ಮನ ಕಡೆಯದು. ಸೊಸೆಯ ದೋಷ ಅನ್ನುವುದಕ್ಕೆ ಇದರಲ್ಲಿ ಜಾಗವೇ ಇಲ್ಲ, ಅದನ್ನು ಅತ್ತೆಯವರಿಗೆ ಓದಿ ಹೇಳಿ. ಅಜ್ಜ ಅಜ್ಜಿಯದೂ ತಪ್ಪಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ನನ್ನಲ್ಲೂ, ಇದನ್ನು ಓದುತ್ತಿರುವವರಲ್ಲೂ ಇಂಥ ಕುಂಟು ಜೀನು ಬೇರೆ ಬೇರೆ ಕಾಯಿಲೆಗೆ ಸಂಬಂಧಿಸಿದವು ಒಂದಷ್ಟು ಇದ್ದೇ ಇರುತ್ತವೆ.

ಹಾಗಾದರೆ ಸಂಬಂಧದಲ್ಲಿ ಮದುವೆಯಾದದ್ದೇ ತಪ್ಪಾ? ನಮ್ಮ ರಾಜ್ಯದಲ್ಲಿ ನಾಲ್ಕಕ್ಕೆ ಸುಮಾರು ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರಲ್ಲಿ ಬಹುತೇಕರಿಗೆ ಆರೋಗ್ಯವಾದ ಮಕ್ಕಳೇ ಹುಟ್ಟುತ್ತಾರೆ. ಯಾವ ದಂಪತಿಗೇ ಆಗಲಿ ಹುಟ್ಟು ದೋಷ ಇರುವ ಮಗು ಆಗುವ ಸಾಧ್ಯತೆ ನೂರಕ್ಕೆ 2–3 ಇರುತ್ತದೆ, ಅತ್ತೆಮಗ ಮಾವನಮಗಳು ಆದರೆ ಅದು ಸುಮಾರು ಎರಡರಷ್ಟಾಗುತ್ತದೆ. ಜಾಸ್ತಿ ಹೌದು, ಆದರೆ ಜನ ಹೆದರಿಸುವಷ್ಟಲ್ಲ. ನಿಮ್ಮ ವಿಷಯದಲ್ಲಿ ಆ ಸರಾಸರಿ ಲೆಕ್ಕ ಈಗ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ನಿಮ್ಮಿಬ್ಬರಲ್ಲಿ ಏನಿದೆ ಅಂತ ಮಗು ತೋರಿಸಿಬಿಟ್ಟಿದೆ. ಬಿಟ್ಟು ಬೇರೆ ಮದುವೆಯಾಗಿ ಅಂತ ಸಲಹೆ ಕೊಟ್ಟವರಿಗೆ ನನ್ನ ಉತ್ತರ ಒಂದೇ. ಪರೀಕ್ಷೆಯಿಂದ ದಾರಿ ಸಿಗುವ ವಿಷಯಕ್ಕೆ ಸಂಸಾರ ಮುರಿಯಬೇಕಾಗಿಲ್ಲ.

ರೋಗನಿರ್ಣಯ ಸರಿ ಇದ್ದರೆ, ಪ್ರತಿ ಬಸುರಿಯಲ್ಲೂ ಮಗುವಿಗೆ ಇದೇ ತೊಂದರೆ ಬರುವ ಸಾಧ್ಯತೆ ನಾಲ್ಕಕ್ಕೆ ಒಂದು. ಬರದಿರುವ ಸಾಧ್ಯತೆ ನಾಲ್ಕಕ್ಕೆ ಮೂರು. ಇಲ್ಲಿ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ: ಒಂದು ಹೋಯಿತಲ್ಲ, ಇನ್ನು ಮೂರು ಸರಿ ಇರುತ್ತವೆ ಅಂತ. ಹಾಗಲ್ಲ. ಡಬ್ಬದಲ್ಲಿ ನಾಲ್ಕು ಚೀಟಿ ಇದೆ, ಒಂದು ಎತ್ತಿ ನೋಡಿ ಮತ್ತೆ ಅದೇ ಡಬ್ಬಕ್ಕೆ ಹಾಕಿ ಕುಲುಕಿದ ಹಾಗೆ. ಪ್ರತಿ ಸಲವೂ ಹೊಸದೇ. ಗಂಡು ಹೆಣ್ಣು ಎರಡಕ್ಕೂ ಒಂದೇ ಲೆಕ್ಕ.

ಈಗ ಕೆಲಸದ ಮಾತು. ಕಣ್ಣು, ಬೆರಳು, ಕಿಡ್ನಿ ಮೂರೂ ಒಟ್ಟಿಗೆ ಕೆಟ್ಟಿರುವುದರಿಂದ ಫ್ರೇಸರ್ ಅನ್ನುವುದು ಹೆಚ್ಚುಕಡಿಮೆ ಸರಿ ಅಂತ ನನಗೆ ಅನ್ನಿಸುತ್ತದೆ. ಆದರೆ ಪ್ರಶ್ನೆ ಚಿಹ್ನೆ ಹೋಗಬೇಕಾದರೆ ಜೀನ್ ಪರೀಕ್ಷೆಯೇ ಆಗಬೇಕು. ಯಾವ ಜೀನಿನಲ್ಲಿ, ಯಾವ ಜಾಗದಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಮುಂದಿನ ಬಸುರಿಯಲ್ಲಿ ಖಚಿತವಾಗಿ ಏನೂ ಹೇಳಲು ಆಗುವುದಿಲ್ಲ. ಮೊದಲು ಹೆರಿಗೆಯಾದ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ: ಮಗುವಿನ ರಕ್ತ, ಹೊಕ್ಕುಳಬಳ್ಳಿಯ ತುಂಡು ಏನಾದರೂ ತೆಗೆದಿಟ್ಟಿದ್ದಾರಾ, ಮಾಸನ್ನು ಲ್ಯಾಬಿಗೆ ಕಳಿಸಿದ್ದಾರಾ ಅಂತ. ಲ್ಯಾಬಿಗೆ ಹೋಗಿದ್ದರೆ ಅದರ ತುಂಡನ್ನು ಮೇಣದ ಚಿಕ್ಕ ಬಿಲ್ಲೆಯಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದರಲ್ಲಿ ಮಗುವಿನ ಡಿಎನ್ಎ ಸಿಗಬಹುದು. ಕೆಲವು ಮನೆಗಳಲ್ಲಿ ಒಣಗಿದ ಹೊಕ್ಕುಳಬಳ್ಳಿ ಇಟ್ಟುಕೊಳ್ಳುವ ಪದ್ಧತಿ ಇದೆ, ನಿಮ್ಮ ಕಡೆ ಇಟ್ಟಿದ್ದರೆ ಅದನ್ನೂ ಎಸೆಯಬೇಡಿ. ಮಗು ಹೆಣ್ಣೋ ಗಂಡೋ ಅನ್ನುವ ನಿಮ್ಮ ಪ್ರಶ್ನೆಗೂ ಅದರಿಂದಲೇ ಉತ್ತರ ಸಿಗುತ್ತದೆ.

ಇನ್ನೊಂದು. ಯಾರಾದರೂ ಮಗುವಿನ ಫೋಟೋ ಮೊಬೈಲಿನಲ್ಲಿ ತೆಗೆದಿದ್ದರೆ ಅಳಿಸಬೇಡಿ. ನೋಡುವುದಕ್ಕೆ ಆಗುವುದಿಲ್ಲ ಅಂತ ಮನೆಯವರು ಡಿಲೀಟ್ ಮಾಡಿಸುತ್ತಾರೆ. ನೀವು ನೋಡಬೇಡಿ, ಯಜಮಾನರ ಹತ್ತಿರ ಇರಲಿ. ಹಣೆಯ ಪಕ್ಕದಿಂದ ಹುಬ್ಬಿನ ತನಕ ಕೂದಲು ನಾಲಗೆಯ ಹಾಗೆ ಇಳಿದಿದೆಯಾ, ಮೂಗಿನ ಹೊಳ್ಳೆಯ ಅಂಚಿನಲ್ಲಿ ಚಿಕ್ಕ ಕಚ್ಚು ಇದೆಯಾ, ಕಿವಿ ಹೇಗಿದೆ, ಹೊಕ್ಕುಳ ಕೆಳಗಿದೆಯಾ, ಇಂಥ ಸಣ್ಣ ಗುರುತುಗಳನ್ನು ತಜ್ಞರು ಫೋಟೋದಲ್ಲೇ ಹಿಡಿಯುತ್ತಾರೆ. ನಾನು ನೋಡಿದ ಎರಡರಲ್ಲಿ ಒಂದರಲ್ಲಿ ಗುರುತು ಸಿಕ್ಕಿದ್ದು ಆ ಕೂದಲಿನ ಎಳೆಯಿಂದಲೇ.

ಮಗುವಿನದು ಏನೂ ಸಿಗಲಿಲ್ಲ ಅಂದರೂ ದಾರಿ ಮುಚ್ಚುವುದಿಲ್ಲ. ನಿಮ್ಮಿಬ್ಬರ ರಕ್ತದಲ್ಲೇ ಎಕ್ಸೋಮ್ ಅನ್ನುವ ಪರೀಕ್ಷೆ ಮಾಡಿಸಿ ಈ ಮೂರು ಜೀನುಗಳನ್ನು ನೋಡಬಹುದು. ಇಬ್ಬರಲ್ಲೂ ಒಂದೇ ಜೀನಿನಲ್ಲಿ ಒಂದೇ ತಪ್ಪು ಸಿಕ್ಕರೆ ಉತ್ತರ ಸಿಕ್ಕ ಹಾಗೇ. ಖರ್ಚು ಹತ್ತಾರು ಸಾವಿರ ಆಗುತ್ತದೆ, ರಿಪೋರ್ಟಿಗೆ ಒಂದೂವರೆ ಎರಡು ತಿಂಗಳು ಹಿಡಿಯಬಹುದು. ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಕೆಲವು ಸಲ ಏನೂ ಸಿಗುವುದಿಲ್ಲ. ಕೆಲವು ಸಲ ಒಂದು ಬದಲಾವಣೆ ಸಿಗುತ್ತದೆ, ಆದರೆ ಅದು ಕೆಟ್ಟದ್ದೋ ಸುಮ್ನೆ ಇರುವಂಥದ್ದೋ ಹೇಳಲು ಬರುವುದಿಲ್ಲ ಅಂತ ರಿಪೋರ್ಟಿನಲ್ಲೇ ಬರೆದಿರುತ್ತಾರೆ. ಅಂಥ ರಿಪೋರ್ಟ್ ಹಿಡಿದುಕೊಂಡು ಬಸುರಿಯ ಬಗ್ಗೆ ದೊಡ್ಡ ತೀರ್ಮಾನ ಮಾಡಬಾರದು. ಅದಕ್ಕೇ ರಕ್ತ ಎಲ್ಲಿ ಬೇಕಾದರೂ ಕೊಡಿ, ಆದರೆ ಮಾತಾಡುವುದು ಮಾತ್ರ ಮೆಡಿಕಲ್ ಜೆನೆಟಿಕ್ಸ್ ಓದಿದ ಡಾಕ್ಟರ ಹತ್ತಿರ ಮಾತಾಡಿ. ನಿಮಗೆ ಎರಡು ಕಡೆ ಹತ್ತಿರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೇ ವಿಭಾಗ ಇದೆ. ಈ ಕಡೆ ಬಂದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್.

ಯಾವುದೋ ಲ್ಯಾಬಿನವರು ಎನ್ಐಪಿಟಿ ಮಾಡಿಸಿ, ಎಲ್ಲ ಗೊತ್ತಾಗುತ್ತದೆ ಅಂದರೆ ಒಪ್ಪಬೇಡಿ. ಅದು ಮುಖ್ಯವಾಗಿ ಡೌನ್ ಸಿಂಡ್ರೋಮ್ ತರದ, ಕ್ರೋಮೋಸೋಮ್ ಎಣಿಕೆಯ ತೊಂದರೆ ಹುಡುಕುವ ರಕ್ತಪರೀಕ್ಷೆ. ಫ್ರೇಸರ್ ಇರುವ ಮಗುವಿನಲ್ಲಿ ಕ್ರೋಮೋಸೋಮ್ ಎಣಿಕೆ ನಾರ್ಮಲ್ಲೇ ಇರುತ್ತದೆ.

ತಪ್ಪು ಯಾವುದು ಅಂತ ಗೊತ್ತಾದ ಮೇಲೆ ಮುಂದಿನ ಬಸುರಿಗೆ ಏನೇನು ಮಾಡಬಹುದು? ಹೆಚ್ಚಿನವರು ಆರಿಸಿಕೊಳ್ಳುವುದು ಸಿವಿಎಸ್. ಸಹಜವಾಗಿ ಬಸುರಿ ಆಗುತ್ತೀರಿ, 11ರಿಂದ 13ನೇ ವಾರದಲ್ಲಿ ಸ್ಕ್ಯಾನ್ ನೋಡಿಕೊಂಡು ಹೊಟ್ಟೆಯ ಮೇಲಿಂದ ಸೂಜಿ ಹಾಕಿ ಮಾಸಿನ ಚೂರು ತೆಗೆಯುತ್ತಾರೆ. ಮಗುವಿಗೆ ಸೂಜಿ ತಾಗುವುದಿಲ್ಲ. ಚೂರು ನೋವು, ಅದೇ ದಿನ ಮನೆಗೆ. ಎರಡು ಮೂರು ವಾರದಲ್ಲಿ ಉತ್ತರ ಬರುತ್ತದೆ. ಇದರಿಂದ ಗರ್ಭ ಜಾರುವ ಅಪಾಯ ಇದೆ, ಅನುಭವ ಇರುವವರ ಕೈಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ತಡವಾದರೆ 15–16ನೇ ವಾರದ ಮೇಲೆ ಗರ್ಭದ ನೀರು ತೆಗೆದು ಅದೇ ಪರೀಕ್ಷೆ ಮಾಡಬಹುದು, ಆದರೆ ಈ ಕಾಯಿಲೆಯಲ್ಲಿ ನೀರೇ ಇಲ್ಲದೆ ಹೋಗಬಹುದು, ಅದಕ್ಕೇ ಸಿವಿಎಸ್ ಒಳ್ಳೆಯದು. ಮಗು ಗಂಡೋ ಹೆಣ್ಣೋ ಅಂತ ಯಾರೂ ಹೇಳುವುದಿಲ್ಲ, ಕಾನೂನು ಬಿಡುವುದಿಲ್ಲ, ಕೇಳಲೂಬೇಡಿ.

ಬರೀ ಸ್ಕ್ಯಾನ್ ನೆಚ್ಚಿಕೊಂಡು ಹೋಗುವವರೂ ಇದ್ದಾರೆ, ಜೀನ್ ಗೊತ್ತಾಗದಿದ್ದರೆ ಉಳಿಯುವುದು ಅದೊಂದೇ. 12, 16, 19ನೇ ವಾರದಲ್ಲಿ ಫೀಟಲ್ ಮೆಡಿಸಿನ್, ಅಂದರೆ ಹೊಟ್ಟೆಯಲ್ಲಿರುವ ಮಗುವನ್ನು ನೋಡುವ ತಜ್ಞರ ಹತ್ತಿರ ಮಾಡಿಸಬೇಕು, ಹಿಂದಿನ ಮಗುವಿನ ಕಾಗದ ತೋರಿಸಿ, ಕಿಡ್ನಿ ಇದೆಯಾ, ನೀರು ಇದೆಯಾ, ಬೆರಳು ಬಿಚ್ಚಿ ಮುಚ್ಚುತ್ತದಾ, ಶ್ವಾಸಕೋಶ ಅತಿಯಾಗಿ ಉಬ್ಬಿದೆಯಾ ಅಂತ ನೋಡಿ ಅಂತ ಬಾಯಿಬಿಟ್ಟು ಹೇಳಿ. ಗಂಟಲು ಮುಚ್ಚಿದ್ದರೆ ಶ್ವಾಸಕೋಶ ಉಬ್ಬಿ ಬೆಳ್ಳಗೆ ಕಾಣುತ್ತದೆ. ಕಿಡ್ನಿ ಇಲ್ಲದ್ದು ಸಿಕ್ಕಿಬಿಡುತ್ತದೆ. ಆದರೆ ಕಿಡ್ನಿ ಚೆನ್ನಾಗಿದ್ದು ಕಣ್ಣು ಬೆರಳು ಮಾತ್ರ ಕೆಟ್ಟಿದ್ದರೆ ತಪ್ಪಿಹೋಗಬಹುದು. ಕಣ್ಣಿನ ರೆಪ್ಪೆ ಎಲ್ಲ ಮಕ್ಕಳಲ್ಲೂ ಸುಮಾರು 26 ವಾರದ ತನಕ ಮುಚ್ಚಿಕೊಂಡೇ ಇರುತ್ತದೆ, ಹಾಗಾಗಿ ಅದನ್ನು ನೋಡಿ ಹೇಳುವುದು ಕಷ್ಟ.

ಮೂರನೆಯದು ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ, ಅದನ್ನು ಹೊಟ್ಟೆಗೆ ಇಡುವ ಮುಂಚೆಯೇ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲದ್ದನ್ನು ಮಾತ್ರ ಇಡುವುದು. ಗರ್ಭ ತೆಗೆಸುವ ಸಂಕಟ ಮತ್ತೆ ಬೇಡ ಅನ್ನುವವರಿಗೆ ಇದು ಹಿತ. ಆದರೆ ಲಕ್ಷಗಟ್ಟಲೆ ಖರ್ಚು, ಇಂಜೆಕ್ಷನ್‌ಗಳು, ಬೆಂಗಳೂರಿಗೆ ಓಡಾಟ. ಒಂದೇ ಸಲಕ್ಕೆ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಬಸುರಿ ನಿಂತ ಮೇಲೂ ಸಿವಿಎಸ್ ಮಾಡಿಸಿ ಖಚಿತಪಡಿಸಿಕೊಳ್ಳಿ ಅನ್ನುತ್ತಾರೆ. 24ನೇ ವಯಸ್ಸಿಗೆ, ಸಹಜವಾಗಿ ಬಸುರಿ ಆಗಿರುವ ನಿಮಗೆ ನಾನು ಇದನ್ನು ಮೊದಲ ಆಯ್ಕೆ ಅಂತ ಹೇಳುವುದಿಲ್ಲ. ಸಾಲ ಮಾಡಿ ಮಾತ್ರ ಮಾಡಬೇಡಿ. ದಾನಿಯ ವೀರ್ಯ ಅಥವಾ ಅಂಡ, ದತ್ತು, ಇವೂ ದಾರಿಗಳೇ. ಈಗಲೇ ಯೋಚಿಸಬೇಕಾಗಿಲ್ಲ.

ಸಿವಿಎಸ್ಸಿನಲ್ಲಿ ಮಗುವಿಗೆ ಕಾಯಿಲೆ ಇದೆ ಅಂತ ಬಂದರೆ? ಕಾನೂನು ನಿಮ್ಮ ಜೊತೆ ಇದೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗರ್ಭ ತೆಗೆಸಲು 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, 24 ವಾರದ ತನಕ ಇಬ್ಬರದು ಬೇಕು, ಅದು ದಾಟಿದರೂ ಗಂಭೀರ ದೋಷ ಇದ್ದರೆ ಮೆಡಿಕಲ್ ಬೋರ್ಡ್ ಅನುಮತಿ ಕೊಡಬಹುದು. ಸಹಿ ನಿಮ್ಮದು ಒಂದೇ ಸಾಕು, ಗಂಡನದೋ ಅತ್ತೆಯದೋ ಬೇಕಾಗಿಲ್ಲ. ತೆಗೆಸುವುದಿಲ್ಲ, ಇರುವಷ್ಟು ಹೊತ್ತು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವ ತಾಯಂದಿರೂ ಇದ್ದಾರೆ. ಎರಡನ್ನೂ ನಾನು ಗೌರವಿಸುತ್ತೇನೆ.

ಈ ಕಾಯಿಲೆ ಇರುವ ಎಲ್ಲ ಮಕ್ಕಳೂ ತೀರಿಕೊಳ್ಳುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸುಮಾರು ಕಾಲು ಭಾಗ ಹೊಟ್ಟೆಯಲ್ಲೇ ಹೋಗುತ್ತವೆ, ಐದರಲ್ಲಿ ಒಂದು ಮಗು ಕಿಡ್ನಿ ಅಥವಾ ಗಂಟಲಿನ ತೊಂದರೆಯಿಂದ ವರ್ಷದೊಳಗೆ ಹೋಗುತ್ತದೆ. ಉಳಿದವರು ಬದುಕುತ್ತಾರೆ. ಒಂದಾದರೂ ಕಿಡ್ನಿ ಇದ್ದು, ಉಸಿರಿನ ದಾರಿಯೂ ತೆರೆದಿದ್ದರೆ ಸಾಕು. ಬೆರಳು ಬಿಡಿಸುವ ಆಪರೇಷನ್ ಮಾಡಬಹುದು. ಕಣ್ಣಿನ ವಿಷಯದಲ್ಲಿ ಮಾತ್ರ ಜನ ಮೋಸ ಹೋಗುತ್ತಾರೆ: ಚರ್ಮ ಕುಯ್ದರೆ ಒಳಗೆ ಒಳ್ಳೆಯ ಕಣ್ಣು ಇರುತ್ತದೆ ಅಂತ. ಪೂರ್ತಿ ಮುಚ್ಚಿದ್ದಲ್ಲಿ ಆ ಚರ್ಮ ಕರಿಗುಡ್ಡೆಯ ಮುಂಭಾಗಕ್ಕೇ ಬೆಸೆದುಕೊಂಡಿರುತ್ತದೆ, ಕುಯ್ದರೂ ದೃಷ್ಟಿ ಬರುವುದಿಲ್ಲ. ಒಂದು ಕಣ್ಣು ಅರ್ಧ ಮುಚ್ಚಿದ್ದು ಇನ್ನೊಂದು ಸರಿ ಇರುವ ಮಕ್ಕಳು ಶಾಲೆಗೆ ಹೋಗಿ ಓದುತ್ತಾರೆ.

ಫೋಲಿಕ್ ಆಸಿಡ್ ಮಾತ್ರೆ ಬಸುರಿ ಆಗುವ ಎರಡು ಮೂರು ತಿಂಗಳು ಮುಂಚೆಯಿಂದ ತಗೊಳ್ಳಿ. ಅದು ಬೆನ್ನುಹುರಿಯ ದೋಷ ತಡೆಯುತ್ತದೆ, ಫ್ರೇಸರ್ ತಡೆಯುವುದಿಲ್ಲ. ಇದನ್ನು ತಡೆಯುವ ಮಾತ್ರೆ, ಕಷಾಯ, ಪಥ್ಯ ಯಾವುದೂ ಇಲ್ಲ. ಇದೆ ಅಂತ ದುಡ್ಡು ಕೇಳಿದವರಿಗೆ ಕೊಡಬೇಡಿ. ಒಂದು ಆರು ತಿಂಗಳಾದರೂ ಮೈಗೂ ಮನಸ್ಸಿಗೂ ಬಿಡುವು ಕೊಡಿ. ಅಷ್ಟರಲ್ಲಿ ರಿಪೋರ್ಟೂ ಕೈಗೆ ಬಂದಿರುತ್ತದೆ. ರಿಪೋರ್ಟ್ ಬರುವ ಮುಂಚೆ ಬಸುರಿ ಆಗದ ಹಾಗೆ ನೋಡಿಕೊಳ್ಳಿ, ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ನಿಮ್ಮ ತಂಗಿ. ನೀವು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ಅವಸರದ್ದು ಅದೇ ಅನ್ನಿಸಿತು. ನಿಮ್ಮಲ್ಲಿ ಇರುವ ಕೆಟ್ಟ ಪ್ರತಿ ತಂಗಿಯಲ್ಲೂ ಇರುವ ಸಾಧ್ಯತೆ ಅರ್ಧ. ಮೈದುನನಲ್ಲೂ ಅರ್ಧ. ಇಬ್ಬರಲ್ಲೂ ಇರುವ ಸಾಧ್ಯತೆ ಕಾಲು. ಆಮೇಲೆ ಅವರ ಮಗುವಿಗೆ ಇಬ್ಬರಿಂದಲೂ ಹೋಗುವುದು ಇನ್ನೊಂದು ಕಾಲು. ಅಂದರೆ 16ಕ್ಕೆ ಒಂದು. 5 ಲಕ್ಷಕ್ಕೆ ಒಂದು ಅನ್ನುವ ಕಾಯಿಲೆ ನಿಮ್ಮ ಎರಡು ಮನೆಯ ಮಧ್ಯೆ 16ಕ್ಕೆ ಒಂದಕ್ಕೆ ಬಂದು ನಿಂತಿದೆ. ಆದರೆ ನಿಮ್ಮ ರಿಪೋರ್ಟಿನಲ್ಲಿ ತಪ್ಪು ಯಾವ ಜಾಗದಲ್ಲಿ ಇದೆ ಅಂತ ಸಿಕ್ಕಿದರೆ, ಅವರಿಬ್ಬರಿಗೆ ಅದೊಂದೇ ಜಾಗ ನೋಡುವ ಚಿಕ್ಕ ಪರೀಕ್ಷೆ ಸಾಕು, ಖರ್ಚೂ ಬಹಳ ಕಡಿಮೆ. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದರೂ ಈ ಕಾಯಿಲೆಯ ಭಯ ಬಿಟ್ಟು ಮದುವೆ ಮಾಡಬಹುದು. ಇಬ್ಬರಿಗೂ ಇದೆ ಅಂತ ಬಂದರೆ ಮದುವೆ ಬೇಡವೋ, ಮಾಡಿಕೊಂಡು ಸಿವಿಎಸ್ ಮಾಡಿಸುವುದೋ, ಅವರೇ ಕೂತು ತೀರ್ಮಾನ ಮಾಡಲಿ. ತಂಗಿಗೆ ಗೊತ್ತಿಲ್ಲದೆ ಹಿರಿಯರು ತೀರ್ಮಾನ ಮಾಡುವುದು ಬೇಡ.

ಯುಗಾದಿಗೆ ಜಾಸ್ತಿ ದಿನ ಇಲ್ಲ. ಇವತ್ತೇ ರಕ್ತ ಕೊಟ್ಟರೂ ಅಷ್ಟರೊಳಗೆ ರಿಪೋರ್ಟ್ ಬರುವುದು ಅನುಮಾನ. ನಿಶ್ಚಿತಾರ್ಥವನ್ನು ಎರಡು ತಿಂಗಳು ಮುಂದಕ್ಕೆ ಹಾಕಿ ಅಂತ ನಿಮ್ಮ ತಾಯಿಗೂ ಮಾವನಿಗೂ ಹೇಳಬೇಕು. ನೀವೇ ಹೇಳಿದರೆ ಈಗಿನ ಪರಿಸ್ಥಿತಿಯಲ್ಲಿ ಮಾತು ಬೇರೆ ಕಡೆ ತಿರುಗಬಹುದು, ಯಜಮಾನರ ಬಾಯಿಂದ ಹೇಳಿಸಿ. ಅವರು ಒಪ್ಪದಿದ್ದರೆ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ರಿಪೋರ್ಟುಗಳು, ಆ ಫೋಟೋ ಎಲ್ಲ ತಗೊಂಡು, ಮಾವನನ್ನೂ ನಿಮ್ಮ ತಾಯಿಯನ್ನೂ ಕರೆದುಕೊಂಡು ಒಂದು ದಿನ ಹಾಸನಕ್ಕೆ ಬನ್ನಿ. ಅಕ್ಕತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎತ್ತಿನ ಗಾಡಿಯ ಲೆಕ್ಕ ನಾನೇ ಹೇಳುತ್ತೇನೆ.